ವಿಷ ತೋರಿಸಿದ ನರಮಾರ್ಗ

ಪ್ರಾಣಿಯ ದೇಹದಲ್ಲಿ ನರದ ಸಂದೇಶ ಎಲ್ಲಿ ಹುಟ್ಟಿ, ಯಾವ ದಾರಿಯಲ್ಲಿ ಹಾದು, ಎಲ್ಲಿ ತಲುಪುತ್ತದೆ ಎಂಬುದನ್ನು ವಿಜ್ಞಾನಿಗಳು ಅರಿತದ್ದು ಬಹುಮಟ್ಟಿಗೆ ಆ ಸಂದೇಶವನ್ನು ತಡೆದು ನಿಲ್ಲಿಸುವ ವಿಷಗಳ ನೆರವಿನಿಂದ. 19ನೇ ಶತಮಾನದ ನಡುಭಾಗದಲ್ಲಿ ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿ ಕ್ಲಾಡ್ ಬರ್ನಾರ್ಡ್, ದಕ್ಷಿಣ ಅಮೆರಿಕದ ಬೇಟೆಗಾರರು ಬಾಣದ ತುದಿಗೆ ಸವರುತ್ತಿದ್ದ ಕ್ಯುರಾರೆ ಎಂಬ ವಿಷವನ್ನು ಕಪ್ಪೆಯ ಮೇಲೆ ಪ್ರಯೋಗಿಸಿ, ಸ್ನಾಯು ತನ್ನ ಶಕ್ತಿಯನ್ನು ಉಳಿಸಿಕೊಂಡಿದ್ದರೂ ನರದ ಆಜ್ಞೆ ಮಾತ್ರ ಅದನ್ನು ಮುಟ್ಟದೆ ಹೋಗುತ್ತದೆಂದು ತೋರಿಸಿದಾಗಲೇ ಈ ಬಗೆಯ ಶೋಧಕ್ಕೆ ನಾಂದಿಯಾಯಿತು. ಕಳೆದ ಕೆಲವು ದಶಕಗಳಲ್ಲಿ ಈ ಶೋಧವನ್ನು ಮುಂದಕ್ಕೆ ಒಯ್ದ ನೆಲೆಗಳಲ್ಲಿ ಸಿಂಗಪುರ ಮುಖ್ಯವಾದುದು. ಅಲ್ಲಿನ ಪ್ರಯೋಗಾಲಯಗಳು ಮೀನಿನ ವಿಷದ ಮೂಲಕ ನರತಂತುವಿನ ಉದ್ದಕ್ಕೂ ಹರಿಯುವ ವಿದ್ಯುತ್ತನ್ನೂ, ಹಾವಿನ ವಿಷದ ಮೂಲಕ ನರದ ತುದಿಯಲ್ಲಿ ನಡೆಯುವ ರಾಸಾಯನಿಕ ವಿನಿಮಯವನ್ನೂ ಬಿಡಿಸಿ ನೋಡಿವೆ. ಈ ಎರಡನೆಯ ಕೆಲಸದಲ್ಲಿ ಮೈಸೂರಿನಲ್ಲಿ ಕಲಿತ ವಿಜ್ಞಾನಿಯೊಬ್ಬರ ಪಾತ್ರ ದೊಡ್ಡದು.

ನರಕೋಶಕ್ಕೆ ಮೂರು ಭಾಗಗಳಿವೆ. ಸಂದೇಶಗಳನ್ನು ಬರಮಾಡಿಕೊಳ್ಳುವ ಕವಲುಗಳಿಗೆ ಡೆಂಡ್ರೈಟ್ ಎಂದೂ, ಸಂದೇಶವನ್ನು ದೂರಕ್ಕೆ ಒಯ್ಯುವ ಒಂಟಿ ಎಳೆಗೆ ಆಕ್ಸಾನ್ ಅಥವಾ ಅಕ್ಷತಂತು ಎಂದೂ ಹೆಸರು. ಇವೆರಡರ ನಡುವೆ ಕೋಶಕೇಂದ್ರವನ್ನು ಹೊತ್ತ ಒಡಲು ಇರುತ್ತದೆ. ಬೆನ್ನುಹುರಿಯಿಂದ ಹೊರಟು ಕಾಲಿನ ಬೆರಳನ್ನು ಮುಟ್ಟುವ ಅಕ್ಷತಂತುವಿನ ಉದ್ದ ಒಂದು ಮೀಟರಿನಷ್ಟಾಗಬಹುದಾದರೂ ಅದರ ದಪ್ಪ ಮಿಲಿಮೀಟರಿನ ನೂರನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಈ ಎಳೆಯನ್ನು ಸುತ್ತಿರುವ ತೆಳುಪೊರೆಯ ಹೊರಗೆ ಸೋಡಿಯಂ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಸೋಡಿಯಂ ಪರಮಾಣುಗಳು ಹೆಚ್ಚಾಗಿದ್ದು, ಒಳಗೆ ಪೊಟ್ಯಾಸಿಯಂ ಅಯಾನುಗಳು ಹೆಚ್ಚಾಗಿರುತ್ತವೆ. ಪೊರೆಯಲ್ಲಿ ಹುದುಗಿರುವ ಪಂಪಿನಂತಹ ಪ್ರೋಟೀನೊಂದು ಪ್ರತಿ ಸುತ್ತಿಗೆ ಮೂರು ಸೋಡಿಯಂ ಅಯಾನುಗಳನ್ನು ಹೊರದಬ್ಬಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆಳೆದುಕೊಂಡು ಈ ವ್ಯತ್ಯಾಸವನ್ನು ಬಿಡುವಿಲ್ಲದೆ ಕಾಯುತ್ತದೆ. ಹೀಗಾಗಿ ಸಂದೇಶವಿಲ್ಲದೆ ಸುಮ್ಮನಿರುವ ನರಕೋಶದ ಒಳಭಾಗ ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟ್‌ಗಳಷ್ಟು ಋಣವಾಗಿರುತ್ತದೆ. ಸುಮ್ಮನಿದ್ದಂತೆ ಕಾಣುವ ಈ ಸ್ಥಿತಿಯನ್ನು ಕಾಯ್ದುಕೊಳ್ಳಲಿಕ್ಕೇ ಮೆದುಳು ತನ್ನ ಇಂಧನದ ದೊಡ್ಡ ಪಾಲನ್ನು ವ್ಯಯಿಸುತ್ತದೆ.

ಡೆಂಡ್ರೈಟ್‌ಗಳಿಗೆ ಬಂದ ಪ್ರಚೋದನೆಗಳು ಒಟ್ಟುಗೂಡಿ ಈ ಋಣ ವಿಭವವನ್ನು 55 ಮಿಲಿವೋಲ್ಟ್‌ಗಳ ಸಮೀಪಕ್ಕೆ ಇಳಿಸಿದಾಗ, ಅಕ್ಷತಂತುವಿನ ಪೊರೆಯಲ್ಲಿರುವ ಸೋಡಿಯಂ ನಾಲೆಗಳೆಂಬ ಪ್ರೋಟೀನುಗಳು ತಟ್ಟನೆ ಬಾಯ್ದೆರೆಯುತ್ತವೆ. ತೆರೆದ ಒಂದೊಂದು ನಾಲೆಯ ಮೂಲಕವೂ ಸೆಕೆಂಡಿಗೆ ಸುಮಾರು ಒಂದು ಕೋಟಿ ಅಯಾನುಗಳ ದರದಲ್ಲಿ ಸೋಡಿಯಂ ಒಳನುಗ್ಗುತ್ತದೆ. ಒಳಭಾಗ ಕ್ಷಣಮಾತ್ರದಲ್ಲಿ ಧನವಾಗುತ್ತದೆ. ಅಷ್ಟರಲ್ಲಿ ಸೋಡಿಯಂ ನಾಲೆಗಳು ತಾವಾಗಿ ಕಟ್ಟಿಕೊಂಡು ಪೊಟ್ಯಾಸಿಯಂ ನಾಲೆಗಳು ತೆರೆದು, ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಎಲ್ಲವೂ ಮೊದಲಿನ ಸ್ಥಿತಿಗೆ ಮರಳುತ್ತದೆ. ಈ ಏರಿಳಿತಕ್ಕೆ ಕ್ರಿಯಾವಿಭವ ಎನ್ನುತ್ತಾರೆ. ಒಂದೆಡೆ ನಡೆದ ಏರಿಳಿತ ಪಕ್ಕದ ನಾಲೆಗಳನ್ನು ತೆರೆಸುವುದರಿಂದ ಅದು ತಂತುವಿನ ಉದ್ದಕ್ಕೂ ಸಾಗುತ್ತದೆ. ಮಯಲಿನ್ ಎಂಬ ಕೊಬ್ಬಿನ ಹೊದಿಕೆಯುಳ್ಳ ದಪ್ಪ ತಂತುಗಳಲ್ಲಿ ಹೊದಿಕೆಯ ಬಿರುಕಿನಿಂದ ಬಿರುಕಿಗೆ ನೆಗೆಯುತ್ತ ಸೆಕೆಂಡಿಗೆ ನೂರು ಮೀಟರಿನವರೆಗೂ, ಹೊದಿಕೆಯಿಲ್ಲದ ಸಣ್ಣ ತಂತುಗಳಲ್ಲಿ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸಿನಲ್ಲೂ ಅದು ಚಲಿಸುತ್ತದೆ. ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್ಲಿ ಸ್ಕ್ವಿಡ್ ಎಂಬ ಕಡಲಜೀವಿಯ ದೈತ್ಯ ಅಕ್ಷತಂತುವಿನ ಮೇಲೆ ಪ್ರಯೋಗ ನಡೆಸಿ 1952ರಲ್ಲಿ ಈ ಕ್ರಿಯೆಯನ್ನು ಗಣಿತದ ಸಮೀಕರಣಗಳಲ್ಲಿ ಹಿಡಿದಿಟ್ಟರು. ಆದರೆ ಸೋಡಿಯಂ ಮತ್ತು ಪೊಟ್ಯಾಸಿಯಂ ಒಂದೇ ದ್ವಾರದಲ್ಲಿ ಸರದಿಯಂತೆ ಹಾಯುತ್ತವೆಯೋ, ಇಲ್ಲವೆ ಅವಕ್ಕೆ ಬೇರೆ ಬೇರೆ ನಾಲೆಗಳಿವೆಯೋ ಎಂಬ ಪ್ರಶ್ನೆಯನ್ನು ಬಗೆಹರಿಸುವುದಕ್ಕೆ ಸಮೀಕರಣ ಸಾಲಲಿಲ್ಲ, ವಿಷವೊಂದು ಬೇಕಾಯಿತು.

ಬೆದರಿದಾಗ ಹೊಟ್ಟೆಯನ್ನು ಉಬ್ಬಿಸಿಕೊಳ್ಳುವ ಪಫರ್ ಮೀನಿನ ಯಕೃತ್ತು, ಅಂಡಾಶಯ ಮೊದಲಾದ ಅಂಗಗಳಲ್ಲಿ ಸೇರಿಕೊಂಡಿರುವ ಟೆಟ್ರೊಡೊಟಾಕ್ಸಿನ್ ಆ ವಿಷ. ತೋಶಿಯೊ ನರಹಾಶಿ, ಜಾನ್ ಮೂರ್ ಮತ್ತು ವಿಲಿಯಂ ಸ್ಕಾಟ್ 1964ರಲ್ಲಿ ಲಾಬ್‌ಸ್ಟರಿನ ನರದ ಮೇಲೆ ಇದನ್ನು ಪ್ರಯೋಗಿಸಿದಾಗ ಸೋಡಿಯಂ ಪ್ರವಾಹ ಮಾತ್ರ ನಿಂತು ಪೊಟ್ಯಾಸಿಯಂ ಪ್ರವಾಹ ಹಾಗೆಯೇ ಉಳಿಯಿತು; ನಾಲೆಗಳು ಬೇರೆ ಬೇರೆ ಎಂಬುದಕ್ಕೆ ಅದು ಬಲವಾದ ಸಾಕ್ಷ್ಯವಾಯಿತು. ಈ ವಿಷದ ಅಣು ಸೋಡಿಯಂ ನಾಲೆಯ ಹೊರಬಾಯಲ್ಲಿ ಕುಳಿತು ಅದನ್ನು ಮುಚ್ಚಿಬಿಡುತ್ತದೆ. ಉಸಿರಾಟದ ಸ್ನಾಯುಗಳಿಗೆ ಆಜ್ಞೆ ತಲುಪದೆ ಮನುಷ್ಯ ಸಾಯುತ್ತಾನೆ. ಹಾಗಾದರೆ ಅದೇ ವಿಷವನ್ನು ಮೈತುಂಬ ಇಟ್ಟುಕೊಂಡ ಮೀನು ಬದುಕುವುದು ಹೇಗೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಈ ಪ್ರಶ್ನೆಯನ್ನು ಹಿಡಿದು ಹೊರಡಲು ಸಿಂಗಪುರಕ್ಕೆ ವಿಶೇಷವಾದ ಅನುಕೂಲವಿತ್ತು. 302 ನರಕೋಶಗಳಷ್ಟೇ ಇರುವ ಪುಟ್ಟ ದುಂಡುಹುಳುವನ್ನು ಜೀವವಿಜ್ಞಾನದ ಮುಖ್ಯ ಮಾದರಿಯನ್ನಾಗಿ ಮಾಡಿ, ಅದಕ್ಕಾಗಿ 2002ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಸಿಡ್ನಿ ಬ್ರೆನ್ನರ್, ಸಿಂಗಪುರದ ಅಣು ಮತ್ತು ಕೋಶ ಜೀವವಿಜ್ಞಾನ ಸಂಸ್ಥೆಯ ಸ್ಥಾಪನೆಗೆ ಪ್ರೇರಕರಾಗಿದ್ದವರು. ಮನುಷ್ಯನ ಜೀನೋಮಿನ ಎಂಟನೆಯ ಒಂದು ಭಾಗದಷ್ಟೇ ಇರುವ ಫುಗು ಎಂಬ ಪಫರ್ ಮೀನಿನ ಜೀನೋಮನ್ನು ಓದಿದರೆ ಕಶೇರುಕಗಳ ಜೀನ್‌ಗಳನ್ನು ಸುಲಭವಾಗಿ ಗುರುತಿಸಬಹುದೆಂದು ಅವರು 1993ರಲ್ಲಿಯೇ ವಾದಿಸಿದ್ದರು. ಆ ಜೀನೋಮ್ 2002ರಲ್ಲಿ ಪ್ರಕಟವಾಯಿತು. ಮನುಷ್ಯನ ನಂತರ ಹೀಗೆ ಓದಲ್ಪಟ್ಟ ಮೊದಲ ಕಶೇರುಕ ಅದೇ. ಈ ಸಾಹಸದಲ್ಲಿ ಬ್ರೆನ್ನರ್ ಅವರ ಜೊತೆಗಿದ್ದ ಬೈರಪ್ಪ ವೆಂಕಟೇಶ್, ನಾಲೆಗಳ ತಜ್ಞರಾದ ಸೂಂಗ್ ಟಕ್ ವಾ ಮೊದಲಾದವರೊಡನೆ ಸೇರಿ 2005ರಲ್ಲಿ ಮೀನಿನ ಗುಟ್ಟನ್ನು ಹೊರಗೆಡವಿದರು. ಫುಗು ಮತ್ತು ಟೆಟ್ರಾಡಾನ್ ಎಂಬ ಎರಡು ಪಫರ್ ಮೀನುಗಳ ಸೋಡಿಯಂ ನಾಲೆಗಳನ್ನು, ವಿಷಕ್ಕೆ ಬೇಗ ಬಲಿಯಾಗುವ ಜೀಬ್ರಾಮೀನಿನ ನಾಲೆಗಳೊಂದಿಗೆ ಹೋಲಿಸಿದಾಗ, ವಿಷ ಬಂದು ಕೂರುವ ಜಾಗದಲ್ಲಿಯೇ ಬದಲಾವಣೆಗಳು ಕಂಡವು. ಸ್ನಾಯುಗಳಲ್ಲಿರುವ ಒಂದು ಬಗೆಯ ನಾಲೆಯಲ್ಲಿ, ಉಂಗುರದಂತಹ ರಚನೆಯುಳ್ಳ ಅಮೈನೊ ಆಮ್ಲ ಇರಬೇಕಾದ ಒಂದು ಸ್ಥಾನವನ್ನು ಫುಗುವಿನಲ್ಲಿ ಆಸ್ಪರಜಿನ್, ಟೆಟ್ರಾಡಾನಿನಲ್ಲಿ ಸಿಸ್ಟೀನ್ ಆಕ್ರಮಿಸಿದ್ದವು. ಸಾವಿರದ ಎಂಟುನೂರರಷ್ಟು ಅಮೈನೊ ಆಮ್ಲಗಳ ಸರಪಳಿಯಲ್ಲಿ ಒಂದೇ ಒಂದು ಕೊಂಡಿ ಬದಲಾದರೂ ವಿಷಕ್ಕೆ ಹಿಡಿತ ಸಿಗದು, ಆದರೆ ಸೋಡಿಯಂ ಎಂದಿನಂತೆಯೇ ಹರಿಯುತ್ತದೆ ಎಂಬುದನ್ನು ವಿದ್ಯುತ್ ಮಾಪನಗಳು ಖಚಿತಪಡಿಸಿದವು. ವಿಕಾಸದ ನಯಗಾರಿಕೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಅಪರೂಪ.

ನಾಲೆಯನ್ನು ಮುಚ್ಚುವ ಮೀನಿನ ವಿಷಕ್ಕೆ ತೀರ ವಿರುದ್ಧವಾದ ದಾರಿ ಹಿಡಿದ ವಿಷವುಳ್ಳ ಪ್ರಾಣಿಯೂ ಸಿಂಗಪುರದ ನಡುಭಾಗದ ಕಾಡುಗಳಲ್ಲಿದೆ. ಕೆಂಪು ತಲೆ, ಕೆಂಪು ಬಾಲ ಮತ್ತು ನೀಲಿ ಪಟ್ಟೆಗಳ ಮಲಯ ಹವಳಹಾವಿನ ವಿಷಗ್ರಂಥಿ ಅದರ ದೇಹದ ಕಾಲುಭಾಗದಷ್ಟು ಉದ್ದಕ್ಕೆ ಚಾಚಿಕೊಂಡಿದೆ. ಅದರ ವಿಷದಲ್ಲಿರುವ ಕ್ಯಾಲಿಯೊಟಾಕ್ಸಿನ್ ಸೋಡಿಯಂ ನಾಲೆಗಳನ್ನು ಮುಚ್ಚುವುದಿಲ್ಲ. ಬದಲಾಗಿ ಅವು ಬೇಗ ತೆರೆಯುವಂತೆಯೂ ತಡವಾಗಿ ಕಟ್ಟಿಕೊಳ್ಳುವಂತೆಯೂ ಮಾಡುತ್ತದೆ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಬೇಟೆಯ ಸ್ನಾಯುಗಳೆಲ್ಲ ಒಮ್ಮೆಲೇ ಸೆಟೆದುಕೊಳ್ಳುತ್ತವೆ. ಈ ಹಾವು ಮುಖ್ಯವಾಗಿ ತಿನ್ನುವುದು ಬೇರೆ ಹಾವುಗಳನ್ನು. ತಿರುಗಿ ಕಚ್ಚಬಲ್ಲ ಬೇಟೆಯನ್ನು ತಕ್ಷಣ ಮರಗಟ್ಟಿಸುವುದು ಅದಕ್ಕೆ ಜೀವನ್ಮರಣದ ವಿಷಯವೇ ಸರಿ.

ಕ್ರಿಯಾವಿಭವ ಅಕ್ಷತಂತುವಿನ ತುದಿಗೆ ಬಂದಾಗ ಅದರ ವಿದ್ಯುತ್ ಪಯಣ ಮುಗಿಯುತ್ತದೆ, ಏಕೆಂದರೆ ಮುಂದಿನ ಕೋಶಕ್ಕೂ ಅದಕ್ಕೂ ನಡುವೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗವನ್ನು ಕೆಲವು ಹತ್ತುಗಳಿಂದ ಗುಣಿಸಿದಷ್ಟು ಕಿರಿದಾದ ಬಿರುಕು ಇರುತ್ತದೆ. ಈ ಸಂಧಿಸ್ಥಾನಕ್ಕೆ ಸಿನಾಪ್ಸ್ ಎಂದು ಹೆಸರು. ಸಾಮಾನ್ಯವಾಗಿ ಈ ಬಿರುಕನ್ನು ರಾಸಾಯನಿಕಗಳು ದಾಟುತ್ತವೆ ಎಂಬುದನ್ನು ಆಟೊ ಲೋವಿ 1921ರಲ್ಲಿ ಕಪ್ಪೆಯ ಹೃದಯಗಳ ಮೇಲಿನ ಪ್ರಯೋಗದಿಂದ ತೋರಿಸಿದರು: ಒಂದು ಹೃದಯದ ನರವನ್ನು ಪ್ರಚೋದಿಸಿ ಅದರ ಬಡಿತವನ್ನು ನಿಧಾನಿಸಿ, ಅದನ್ನು ತೋಯಿಸಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಯಿಸಿದಾಗ ಅದರ ಬಡಿತವೂ ನಿಧಾನವಾಯಿತು. ಆ ವಸ್ತು ಅಸಿಟೈಲ್‌ಕೋಲಿನ್. ಇಂಥವುಗಳಿಗೆ ನರವಾಹಕ ಎನ್ನಲಾಗುತ್ತದೆ. ನರದ ತುದಿಯಲ್ಲಿ ಈ ವಾಹಕದ ಸಾವಿರಾರು ಅಣುಗಳು ಪುಟ್ಟ ಕೋಶಿಕೆಗಳಲ್ಲಿ ತುಂಬಿರುತ್ತವೆ. ವಿದ್ಯುತ್ ಏರಿಳಿತ ಬಂದೊಡನೆ ಕ್ಯಾಲ್ಸಿಯಂ ಒಳಹೊಕ್ಕು, ಕೋಶಿಕೆಗಳು ಪೊರೆಯೊಂದಿಗೆ ಬೆರೆತು ಒಡಲನ್ನು ಬರಿದುಮಾಡುತ್ತವೆ. ಎದುರುದಡದ ಸ್ನಾಯುಪೊರೆಯಲ್ಲಿ ಐದು ತುಣುಕುಗಳು ಸೇರಿ ಆದ ಗ್ರಾಹಕವೆಂಬ ಪ್ರೋಟೀನು ಕಾದಿರುತ್ತದೆ. ಅದಕ್ಕೆ ಎರಡು ಅಸಿಟೈಲ್‌ಕೋಲಿನ್ ಅಣುಗಳು ಅಂಟಿಕೊಂಡಾಗ ನಡುವಿನ ರಂಧ್ರ ತೆರೆದು ಸೋಡಿಯಂ ನುಗ್ಗಿ ಸ್ನಾಯು ಸಂಕುಚಿಸುತ್ತದೆ. ಕೆಲಸ ಮುಗಿದ ವಾಹಕವನ್ನು ಕಿಣ್ವವೊಂದು ಆ ಕೂಡಲೇ ತುಂಡರಿಸುತ್ತದೆ.

ಕಟ್ಟುಹಾವು, ನಾಗರಹಾವು, ಕಾಳಿಂಗ ಸರ್ಪಗಳ ವಿಷ ಎರಗುವುದು ಇಲ್ಲಿಗೆ. 1963ರಲ್ಲಿ ತೈವಾನಿನ ಚಾಂಗ್ ಚುವಾನ್‌ಚಿಯುಂಗ್ ಮತ್ತು ಲೀ ಚೆನ್‌ಯುವಾನ್ ಅಲ್ಲಿನ ಕಟ್ಟುಹಾವಿನ ವಿಷದಿಂದ ಬಂಗಾರೊಟಾಕ್ಸಿನ್‌ಗಳನ್ನು ಬೇರ್ಪಡಿಸಿದರು. ಅವುಗಳಲ್ಲಿ ಆಲ್ಫಾ ಎಂಬುದು ಗ್ರಾಹಕಕ್ಕೆ ಎಷ್ಟು ಬಿಗಿಯಾಗಿ ಅಂಟುತ್ತದೆಂದರೆ, ಅದನ್ನೇ ಗಾಳದಂತೆ ಬಳಸಿ ಗ್ರಾಹಕವನ್ನು ಮೊದಲ ಬಾರಿಗೆ ಹಿಡಿದು ಹೊರತೆಗೆಯಲು ಸಾಧ್ಯವಾಯಿತು. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಈ ಪರಂಪರೆಯನ್ನು ಬೆಳೆಸಿದವರಲ್ಲಿ ಪಿ. ಗೋಪಾಲಕೃಷ್ಣಕೋಣೆ ಮತ್ತು ಆರ್. ಮಂಜುನಾಥ ಕಿಣಿ ಪ್ರಮುಖರು. ಕಿಣಿಯವರು ಮೈಸೂರು ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗದಲ್ಲಿ ಟಿ. ವೀರಬಸಪ್ಪ ಗೌಡರೊಂದಿಗೆ ಹಾವಿನ ವಿಷದ ಕಿಣ್ವಗಳನ್ನು ಅಭ್ಯಸಿಸಿ, 1980ರ ದಶಕದ ಆರಂಭದಲ್ಲಿಯೇ ಅವರ ಜೊತೆ ಪ್ರಬಂಧಗಳನ್ನು ಪ್ರಕಟಿಸಿದವರು. ಮೈಸೂರಿನ ಆ ಶಿಸ್ತು ಮುಂದೆ ಸಿಂಗಪುರದಲ್ಲಿ ನರವಿಷಗಳ ಒಂದು ದೊಡ್ಡ ಅಧ್ಯಯನವಾಗಿ ಬೆಳೆದುದನ್ನು ಕರ್ನಾಟಕದ ವಿಜ್ಞಾನ ಚರಿತ್ರೆ ಇನ್ನಷ್ಟು ವಿವರವಾಗಿ ದಾಖಲಿಸಬೇಕಾಗಿದೆ.

ಕಿಣಿಯವರ ಬಳಗ ಹೆಚ್ಚಾಗಿ ತೊಡಗಿಕೊಂಡದ್ದು ಮೂರು ಬೆರಳುಗಳನ್ನು ಚಾಚಿದಂತೆ ಮಡಿಕೆಗೊಂಡಿರುವುದರಿಂದ ತ್ರಿಬೆರಳು ವಿಷಗಳೆಂದು ಕರೆಯಬಹುದಾದ ಸಣ್ಣ ಪ್ರೋಟೀನುಗಳಲ್ಲಿ. ಮಲಯ ಕಟ್ಟುಹಾವಿನಿಂದ ಪಡೆದು 2002ರಲ್ಲಿ ವಿವರಿಸಲಾದ ಕ್ಯಾಂಡಾಕ್ಸಿನ್, ಸ್ನಾಯುವಿನ ಗ್ರಾಹಕದಿಂದ ಸುಲಭವಾಗಿ ಕಳಚಿಕೊಳ್ಳುತ್ತದೆ, ಆದರೆ ನರಕೋಶಗಳಲ್ಲಿರುವ ಆಲ್ಫಾ-7 ಎಂಬ ಬಗೆಯ ಗ್ರಾಹಕವನ್ನು ಹಿಡಿದರೆ ಬಿಡುವುದು ಕಷ್ಟ. ಕಾಳಿಂಗದ ವಿಷದಿಂದ 2010ರಲ್ಲಿ ಬೆಳಕಿಗೆ ಬಂದ ಹ್ಯಾಡಿಟಾಕ್ಸಿನ್‌ನಲ್ಲಿ ಇಂತಹ ಎರಡು ಸಮಾನ ಅಣುಗಳು ಜೋಡಿಯಾಗಿರುತ್ತವೆ. ಎಲ್ಲಕ್ಕಿಂತ ಕುತೂಹಲಕರವಾದದ್ದು ಸಿಂಗಪುರದ ಮ್ಯಾಂಗ್ರೋವ್ ಕಾಡುಗಳಲ್ಲಿಯೂ ಕಾಣುವ, ಕಪ್ಪು ಮೈಮೇಲೆ ಹಳದಿ ಉಂಗುರಗಳುಳ್ಳ ಬೆಕ್ಕುಗಣ್ಣಿನ ಹಾವಿನ ಡೆನ್ಮೊಟಾಕ್ಸಿನ್. 2006ರ ಅಧ್ಯಯನದಲ್ಲಿ ಅದು ಕೋಳಿಮರಿಯ ಸ್ನಾಯುವಿನ ಮೇಲೆ ತೋರಿದ ಪ್ರಭಾವಕ್ಕೆ ಹೋಲಿಸಿದರೆ ಇಲಿಯ ಸ್ನಾಯುವಿನ ಮೇಲಿನ ಪ್ರಭಾವ ಸುಮಾರು ನೂರು ಪಟ್ಟು ಕಡಿಮೆಯಿತ್ತು. ಹಕ್ಕಿಗೂ ಇಲಿಗೂ ವಾಹಕ ಒಂದೇ ಅಸಿಟೈಲ್‌ಕೋಲಿನ್, ಗ್ರಾಹಕವೂ ಬಹುತೇಕ ಒಂದೇ. ಆದರೂ ಗ್ರಾಹಕದ ಮೇಲ್ಮೈಯ ಅಲ್ಪ ವ್ಯತ್ಯಾಸವನ್ನು ವಿಷ ಗುರುತಿಸುತ್ತದೆ. ನರದ ಸಂದೇಶವೆಂದರೆ ಕಳುಹಿಸಿದ ವಸ್ತುವಷ್ಟೇ ಅಲ್ಲ, ಅದನ್ನು ಸ್ವೀಕರಿಸುವ ಗ್ರಾಹಕದ ಆಕಾರವೂ ಅದರ ಅರ್ಧಭಾಗ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸುವ ಪ್ರಯೋಗಗಳು ವಿರಳ.

ಈ ಸೂಕ್ಷ್ಮಗಳಿಗೆ ಪ್ರಯೋಗಾಲಯದ ಆಚೆಗೂ ಬೆಲೆಯಿದೆ. ನಾಗರಹಾವಿನ ನರವಿಷ ಮುಖ್ಯವಾಗಿ ಗ್ರಾಹಕದಲ್ಲಿ ಕುಳಿತು ತಡೆಯೊಡ್ಡುವುದರಿಂದ, ಅಸಿಟೈಲ್‌ಕೋಲಿನನ್ನು ತುಂಡರಿಸುವ ಕಿಣ್ವಕ್ಕೆ ಅಡ್ಡಿಪಡಿಸಿ ವಾಹಕದ ಪ್ರಮಾಣವನ್ನು ಹೆಚ್ಚಿಸುವ ನಿಯೋಸ್ಟಿಗ್ಮಿನ್ ಔಷಧವನ್ನು ಅಟ್ರೋಪಿನ್ ಜೊತೆಗೆ ಕೊಟ್ಟಾಗ ಹಲವು ರೋಗಿಗಳು ಚೇತರಿಸಿಕೊಳ್ಳುತ್ತಾರೆ. ಕಟ್ಟುಹಾವಿನ ವಿಷದಲ್ಲಿರುವ ಬೀಟಾ ಬಂಗಾರೊಟಾಕ್ಸಿನ್ ಬಗೆಯ ಅಂಶಗಳಾದರೋ ನರದ ತುದಿಯನ್ನೇ ಹಾಳುಗೆಡವುತ್ತವೆ. ಬಿಡುಗಡೆಗೆ ವಾಹಕವೇ ಇಲ್ಲದಿರುವಾಗ ಆ ಔಷಧ ಫಲಿಸುವುದು ಕಡಿಮೆ, ಮತ್ತು ಒಮ್ಮೆ ಹಾಳಾದ ತುದಿಯನ್ನು ಪ್ರತಿವಿಷ ಸರಿಪಡಿಸಲಾರದು. ತುದಿಗಳು ಮತ್ತೆ ಬೆಳೆಯಲು ದಿನಗಳು, ಕೆಲವೊಮ್ಮೆ ವಾರಗಳೇ ಬೇಕಾಗುತ್ತವೆ. ಅಲ್ಲಿಯವರೆಗೆ ವೆಂಟಿಲೇಟರ್ ಉಸಿರಾಡಿಸುತ್ತಿದ್ದರೆ ರೋಗಿ ಬದುಕಬಹುದು.

2000ದಿಂದ 2019ರವರೆಗಿನ ಅವಧಿಯಲ್ಲಿ ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸತ್ತಿರಬಹುದೆಂದು ಅಂದಾಜಿಸಲಾಗಿದೆ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ಸರಿಯಾದ ಹೆಜ್ಜೆ. ಕಟ್ಟುಹಾವು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು, ಊತ, ಹಲ್ಲಿನ ಗುರುತು ಯಾವುದೂ ಇಲ್ಲದಿರಬಹುದು. ಆದುದರಿಂದ ಮಲಗಿದ್ದವರು ಹೊಟ್ಟೆನೋವೆಂದು ಎದ್ದು, ಅವರ ರೆಪ್ಪೆಗಳು ಜೋಲತೊಡಗಿ, ಮಾತು ತೊದಲಿ, ನುಂಗುವುದು ಕಷ್ಟವಾದರೆ, ಕಡಿತದ ಗುರುತಿಗಾಗಿ ಹುಡುಕುತ್ತಲೋ ಮಂತ್ರ, ನಾಟಿಮದ್ದುಗಳ ಮೊರೆಹೋಗುತ್ತಲೋ ಹೊತ್ತು ಕಳೆಯದೆ, ಪ್ರತಿವಿಷವೂ ವೆಂಟಿಲೇಟರೂ ಇರುವ ಆಸ್ಪತ್ರೆಗೆ ಅವರನ್ನು ಕೂಡಲೇ ತಲುಪಿಸಬೇಕು.