ರಸ್ತೆ ಕಿರಿದಾದರೆ ನಷ್ಟವೇ? ನೆರಳು ಮತ್ತು ನಿಧಾನಗತಿಯ ಲೆಕ್ಕಾಚಾರ

ವಿಜಯಪುರ: ನಗರಾಭಿವೃದ್ಧಿ ಎಂದೊಡನೆ ನಮ್ಮ ಊರುಗಳಲ್ಲಿ ಮೊದಲು ಕೇಳಿಬರುವ ಮಾತು ರಸ್ತೆ ಅಗಲೀಕರಣ. ಅಗಲೀಕರಣ ಎಂದೊಡನೆ ಮೊದಲು ಉರುಳುವುದು ರಸ್ತೆ ಬದಿಯ ಮರ. ಇದಕ್ಕೆ ನೇರ ವಿರುದ್ಧವಾದ ಚಿಂತನೆಯೊಂದು ಜಗತ್ತಿನ ಅನೇಕ ನಗರಗಳಲ್ಲಿ ಈಗ ಬೇರೂರಿದೆ. ಅಗತ್ಯಕ್ಕಿಂತ ಅಗಲವಾದ ರಸ್ತೆಯನ್ನು ಕಿರಿದುಗೊಳಿಸಿ, ಉಳಿದ ಜಾಗದಲ್ಲಿ ಮರ ನೆಟ್ಟು, ಪಾದಚಾರಿಗಳಿಗೆ ದಾರಿ ಮಾಡಿಕೊಡುವುದೇ ಈ ಕ್ರಮ. ವಾಹನಗಳ ವೇಗವನ್ನು ರಸ್ತೆಯ ರಚನೆಯ ಮೂಲಕವೇ ತಗ್ಗಿಸುವ ಇದನ್ನು ತಜ್ಞರು ಟ್ರಾಫಿಕ್ ಕಾಮಿಂಗ್ ಎಂದು ಕರೆಯುತ್ತಾರೆ.

ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ, ವರ್ಷಕ್ಕೆ ಸರಾಸರಿ 600 ಮಿ.ಮೀ. ಆಸುಪಾಸು ಮಳೆ ಕಾಣುವ ವಿಜಯಪುರದಂತಹ ಊರಿಗೆ ಈ ಚಿಂತನೆ ಎಷ್ಟರ ಮಟ್ಟಿಗೆ ಒಗ್ಗುತ್ತದೆ? ರಸ್ತೆ ಕಿರಿದಾದರೆ ಸಂಚಾರ ಸ್ಥಗಿತಗೊಳ್ಳುವುದಿಲ್ಲವೇ? ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲು ರಸ್ತೆಯ ಅಗಲ ಹೇಗೆ ಬಳಕೆಯಾಗುತ್ತದೆ ಎಂಬುದನ್ನು ಮೊದಲು ಅರಿಯಬೇಕು.

ಅಗಲವೇ ಸಾಮರ್ಥ್ಯವಲ್ಲ

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸಾಮಾನ್ಯ ಬಸ್ ಅಥವಾ ಲಾರಿಯ ಅಗಲ 2.6 ಮೀಟರ್ ಮೀರುವಂತಿಲ್ಲ. ಎದುರು ಬದುರಾಗಿ ಎರಡು ಬಸ್‌ಗಳು ಸಾಗಲು 7ರಿಂದ 7.5 ಮೀಟರ್ ಅಗಲದ ಡಾಂಬರು ರಸ್ತೆ ಸಾಕು. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡಗಳು ನಗರದ ದ್ವಿಪಥ ರಸ್ತೆಗೆ ಹೇಳುವ ಅಳತೆಯೂ ಇದೇ ಆಗಿದೆ.

ಆದರೆ ಪೇಟೆ ರಸ್ತೆಗಳು ಇದಕ್ಕಿಂತ ಅಗಲವಾಗಿದ್ದಾಗ ಆಗುವುದೇನು? ಹಗಲು ಹೊತ್ತಿನಲ್ಲಿ ಹೆಚ್ಚುವರಿ ಅಗಲವನ್ನು ನಿಂತ ವಾಹನಗಳು ನುಂಗುತ್ತವೆ. ಬೆಳಗಿನ ಜಾವ ಮತ್ತು ರಾತ್ರಿ ರಸ್ತೆ ಬರಿದಾದಾಗ ಅದೇ ಅಗಲ ವಾಹನಗಳ ವೇಗಕ್ಕೆ ಆಹ್ವಾನವಾಗುತ್ತದೆ. ಒಟ್ಟು ಎಷ್ಟು ವಾಹನಗಳು ಸಾಗುತ್ತವೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ರಸ್ತೆಯ ನಡುಭಾಗವಲ್ಲ, ವೃತ್ತಗಳು. ಗಾಂಧಿ ಚೌಕ, ಬಸವೇಶ್ವರ ವೃತ್ತಗಳಂತಹ ಕೂಡುವ ಸ್ಥಳಗಳಲ್ಲಿ ವಾಹನಗಳು ಹೇಗೂ ಕಾಯಲೇಬೇಕು. ಎರಡು ವೃತ್ತಗಳ ನಡುವೆ ವೇಗವಾಗಿ ಓಡಿ ಮುಂದಿನ ವೃತ್ತದಲ್ಲಿ ನಿಲ್ಲುವುದರಿಂದ ಉಳಿಯುವ ಸಮಯ ಅತ್ಯಲ್ಪ.

ಈ ವೇಗಕ್ಕೆ ತೆರುವ ಬೆಲೆ ಮಾತ್ರ ಅಲ್ಪವಲ್ಲ. ಸರಾಸರಿ ವೇಗ ಶೇ. 1ರಷ್ಟು ಹೆಚ್ಚಿದರೆ ಸಾವು ಸಂಭವಿಸುವ ಅಪಘಾತದ ಸಾಧ್ಯತೆ ಶೇ. 4ರಷ್ಟು ಏರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೇಂದ್ರ ಸರ್ಕಾರದ ಅಂಕಿ ಅಂಶಗಳ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಮೃತಪಟ್ಟರು. ಅವರಲ್ಲಿ 32,825 ಮಂದಿ ಪಾದಚಾರಿಗಳು. ಅಂದರೆ ರಸ್ತೆಯಲ್ಲಿ ಸತ್ತ ಪ್ರತಿ ಐವರಲ್ಲಿ ಸರಿಸುಮಾರು ಒಬ್ಬರು ನಡೆದು ಹೋಗುತ್ತಿದ್ದವರು.

18 ಮೀಟರ್ ರಸ್ತೆಯ ಉದಾಹರಣೆ

ಲೆಕ್ಕಕ್ಕಾಗಿ, ಅಂಗಡಿ ಸಾಲಿನಿಂದ ಎದುರಿನ ಅಂಗಡಿ ಸಾಲಿಗೆ 18 ಮೀಟರ್ ಅಗಲವಿರುವ ಒಂದು ಪೇಟೆ ರಸ್ತೆಯನ್ನು ಊಹಿಸಿಕೊಳ್ಳಬಹುದು. ಅದರಲ್ಲಿ 14 ಮೀಟರ್ ಡಾಂಬರು, ಎರಡೂ ಬದಿ ತಲಾ 2 ಮೀಟರ್ ಚರಂಡಿ ಮತ್ತು ಧೂಳಿನ ಅಂಚು. ಇದನ್ನು ಹೊಸದಾಗಿ ಹಂಚಿದರೆ ನಡುವೆ 7.5 ಮೀಟರ್ ವಾಹನ ಪಥ, ಅದರ ಎರಡೂ ಬದಿ ತಲಾ 2.25 ಮೀಟರ್ ಪಟ್ಟಿ, ಅದರಾಚೆ ತಲಾ 3 ಮೀಟರ್ ಪಾದಚಾರಿ ಮಾರ್ಗ ದೊರೆಯುತ್ತದೆ. ಚರಂಡಿ ಪಾದಚಾರಿ ಮಾರ್ಗದ ಅಡಿಗೆ ಹೋಗುತ್ತದೆ.

ನಡುವಿನ 2.25 ಮೀಟರ್ ಪಟ್ಟಿಯೇ ಈ ವಿನ್ಯಾಸದ ಜೀವಾಳ. ಅದರಲ್ಲಿ ಎರಡು ಕಾರು ನಿಲ್ಲುವಷ್ಟು ಜಾಗ, ನಂತರ ಒಂದು ಮರ, ಮತ್ತೆ ಎರಡು ಕಾರು ಎಂಬ ಕ್ರಮವಿರುತ್ತದೆ. ಸುಮಾರು 12 ಮೀಟರ್‌ಗೆ ಒಂದು ಮರವೆಂದರೂ, ಅಡ್ಡರಸ್ತೆಗಳನ್ನು ಬಿಟ್ಟು, ಒಂದು ಕಿ.ಮೀ. ಉದ್ದದಲ್ಲಿ ಎರಡೂ ಬದಿ ಸೇರಿ 150ರಷ್ಟು ಮರಗಳು ನಿಲ್ಲುತ್ತವೆ. ವಾಹನ ನಿಲುಗಡೆ ರದ್ದಾಗುವುದಿಲ್ಲ, ಅದಕ್ಕೊಂದು ಶಿಸ್ತು ಬರುತ್ತದೆ.

ರಸ್ತೆ ದಾಟುವವರಿಗೆ ಇದರಿಂದಾಗುವ ಪ್ರಯೋಜನ ಕಣ್ಣಿಗೆ ಕಾಣುವಂಥದು. ಸೆಕೆಂಡಿಗೆ 1.2 ಮೀಟರ್ ನಡೆಯುವ ವ್ಯಕ್ತಿಗೆ 14 ಮೀಟರ್ ದಾಟಲು ಸುಮಾರು 12 ಸೆಕೆಂಡ್ ಬೇಕು. 7.5 ಮೀಟರ್ ದಾಟಲು 6 ಸೆಕೆಂಡ್ ಸಾಕು. ಗಂಟೆಗೆ 50 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಕ್ರಮಿಸುತ್ತದೆ ಎಂಬುದನ್ನು ನೆನೆದರೆ, ಉಳಿದ ಆ 6 ಸೆಕೆಂಡುಗಳ ಬೆಲೆ ವೃದ್ಧರಿಗೆ, ಶಾಲಾ ಮಕ್ಕಳಿಗೆ ಏನೆಂಬುದು ಅರ್ಥವಾಗುತ್ತದೆ.

ಮರ ಇಲ್ಲಿ ಕೇವಲ ಅಲಂಕಾರವಲ್ಲ. ಎರಡೂ ಬದಿ ಕಾಂಡಗಳ ಸಾಲು ಇದ್ದಾಗ ಚಾಲಕನ ಕಣ್ಣಿಗೆ ರಸ್ತೆ ಇನ್ನಷ್ಟು ಕಿರಿದಾಗಿ ತೋರುತ್ತದೆ, ಕಾಲು ತಾನಾಗಿ ಬ್ರೇಕಿನತ್ತ ಸರಿಯುತ್ತದೆ. ಜನರು ತಾವೇ ಹಾಕಿಕೊಳ್ಳುವ ಚೂಪಾದ ಉಬ್ಬುಗಳು ಬೈಕ್ ಸವಾರರ ಬೆನ್ನು ಮುರಿಯುತ್ತವೆ. ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರವಿರಬೇಕೆಂಬ ಮಾನದಂಡ ಹೆಚ್ಚಿನೆಡೆ ಪಾಲನೆಯಾಗುವುದಿಲ್ಲ. ಆದರೆ ರಸ್ತೆಯ ರೂಪವೇ ವೇಗವನ್ನು ತಗ್ಗಿಸಿದರೆ ಉಬ್ಬುಗಳ ಅಗತ್ಯವೂ ತಗ್ಗುತ್ತದೆ.

ಡೆಲ್ಫ್ಟ್‌ನಿಂದ ಚರ್ಚ್ ಸ್ಟ್ರೀಟ್‌ವರೆಗೆ

ಈ ಚಿಂತನೆ ರೂಪುಗೊಂಡದ್ದು ನೆದರ್‌ಲೆಂಡ್ಸ್‌ನ ಡೆಲ್ಫ್ಟ್ ನಗರದಲ್ಲಿ, 1960ರ ದಶಕದ ಕೊನೆಯಲ್ಲಿ. ವಸತಿ ಬೀದಿಗಳಲ್ಲಿ ಮರ, ಆಸನ, ತಿರುವುಗಳನ್ನು ಅಳವಡಿಸಿ ವಾಹನಗಳನ್ನು ನಡಿಗೆಯ ವೇಗಕ್ಕೆ ಇಳಿಸಲಾಯಿತು. ಪ್ಯಾರಿಸ್ ನಗರ 2021ರ ಆಗಸ್ಟ್‌ನಲ್ಲಿ ಬಹುತೇಕ ಎಲ್ಲ ರಸ್ತೆಗಳಿಗೂ ಗಂಟೆಗೆ 30 ಕಿ.ಮೀ. ಮಿತಿಯನ್ನು ವಿಧಿಸಿತು. ಚೆನ್ನೈನ ಪಾಂಡಿ ಬಜಾರ್ 2019ರಲ್ಲಿ ವಿಶಾಲ ಪಾದಚಾರಿ ಮಾರ್ಗಗಳೊಂದಿಗೆ ಹೊಸ ರೂಪ ಪಡೆಯಿತು.

ಕರ್ನಾಟಕದಲ್ಲಿ ಇದರ ಸಮೀಪದ ಉದಾಹರಣೆ ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳು. ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ ಮೊದಲಾದೆಡೆ ವಾಹನ ಪಥಗಳನ್ನು ಏಕರೂಪಗೊಳಿಸಿ, ಪಾದಚಾರಿ ಮಾರ್ಗವನ್ನು ಹಿಗ್ಗಿಸಿ, ತಂತಿ ಮತ್ತು ಕೊಳವೆಗಳನ್ನು ನೆಲದಡಿ ವ್ಯವಸ್ಥಿತಗೊಳಿಸಲಾಯಿತು. ಚರ್ಚ್ ಸ್ಟ್ರೀಟ್ ಇದೇ ಹಾದಿಯಲ್ಲಿ 2018ರಲ್ಲಿ ಕಲ್ಲುಹಾಸಿನ ಬೀದಿಯಾಗಿ ತೆರೆದುಕೊಂಡಿತು. 2020ರ ನವೆಂಬರ್‌ನಿಂದ ಕೆಲ ತಿಂಗಳು ವಾರಾಂತ್ಯಗಳಲ್ಲಿ ಅಲ್ಲಿ ವಾಹನ ಸಂಚಾರವನ್ನೇ ನಿಲ್ಲಿಸಿ ಪ್ರಯೋಗ ನಡೆಸಲಾಯಿತು. ವೆಚ್ಚ ಹೆಚ್ಚು, ಕಾಮಗಾರಿ ವಿಳಂಬ, ವಾಹನಕ್ಕೆ ಜಾಗ ಕಡಿಮೆ ಎಂಬ ಟೀಕೆಗಳೂ ಬಂದವು. ಪಾದಚಾರಿ ಮಾರ್ಗಕ್ಕೆ ದ್ವಿಚಕ್ರ ವಾಹನಗಳು ಹತ್ತದಂತೆ ತಡೆಯುವುದು ಅಲ್ಲಿಯೂ ಸುಲಭವಾಗಿಲ್ಲ. ವಿನ್ಯಾಸದೊಂದಿಗೆ ನಿರ್ವಹಣೆಯೂ ಬೇಕು ಎಂಬುದು ಇದರ ಪಾಠ.

ಸ್ಮಾರಕಗಳ ನಗರದ ಮಿತಿ

ವಿಜಯಪುರದ ಸಂದರ್ಭ ಬೆಂಗಳೂರಿಗಿಂತ ಭಿನ್ನ. ಗೋಳಗುಮ್ಮಟ, ಬಾರಾ ಕಮಾನ್, ಇಬ್ರಾಹಿಂ ರೋಜಾ ಸೇರಿದಂತೆ ಹತ್ತಾರು ಆದಿಲಶಾಹಿ ಸ್ಮಾರಕಗಳು ಊರಿನ ಒಡಲಲ್ಲೇ ಇವೆ. 2010ರಲ್ಲಿ ತಿದ್ದುಪಡಿಯಾದ ಕಾಯ್ದೆಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಹೀಗಾಗಿ ಅನೇಕ ಕಡೆ ರಸ್ತೆಯನ್ನು ಬೇಕೆಂದಷ್ಟು ಹಿಗ್ಗಿಸುವುದು ಹೇಗೂ ಸಾಧ್ಯವಿಲ್ಲ. ಇರುವ ಅಗಲವನ್ನೇ ಜಾಣ್ಮೆಯಿಂದ ಹಂಚಿಕೊಳ್ಳುವುದು ಇಲ್ಲಿ ಅನಿವಾರ್ಯ. ಸ್ಮಾರಕಗಳ ಬಳಿ ಮರ ನೆಡುವಾಗಲೂ ಎಚ್ಚರ ಬೇಕು. ಆಲ, ಅರಳಿಯಂತಹ ಮರಗಳ ಬೇರು ಕೋಟೆ ಗೋಡೆಗಳ ಸಂದಿಗಿಳಿದರೆ ಕಲ್ಲನ್ನೇ ಸೀಳಬಲ್ಲದು.

ಗಿಡ ನೆಡುವ ಉತ್ಸಾಹಕ್ಕೆ ಜಿಲ್ಲೆಯಲ್ಲಿ ಕೊರತೆಯಿಲ್ಲ. ಬಬಲೇಶ್ವರ ಕ್ಷೇತ್ರವನ್ನು ಪ್ರತಿನಿಧಿಸುವ ಎಂ.ಬಿ. ಪಾಟೀಲ ಅವರ ಮುಂದಾಳತ್ವದ ಕೋಟಿ ವೃಕ್ಷ ಅಭಿಯಾನ ಬರದ ನಾಡಿನಲ್ಲಿ ಹಸಿರಿನ ಬಗ್ಗೆ ಅರಿವು ಮೂಡಿಸಿದೆ. ಆದರೆ ಪೇಟೆ ರಸ್ತೆಯ ಮರದ ಪಾಡೇ ಬೇರೆ. ಅದಕ್ಕೆ ಸಿಗುವ ಮಣ್ಣು ಕಡಿಮೆ, ಕಾಂಡದ ಬುಡಕ್ಕೆ ಕಾಂಕ್ರೀಟ್, ತಲೆಯ ಮೇಲೆ ವಿದ್ಯುತ್ ತಂತಿ. ಮರದ ಬುಡದ ಸುತ್ತ ಒಂದು ಮೀಟರ್‌ವರೆಗೆ ಕಾಂಕ್ರೀಟ್ ತೆರವುಗೊಳಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಗೆ ಸಂಬಂಧಿಸಿದಂತೆ 2013ರಲ್ಲೇ ಆದೇಶಿಸಿತ್ತು.

ಹೊಸದಾಗಿ ನೆಡುವಾಗ ಮಳೆನೀರು ಚರಂಡಿಗೆ ಹೋಗುವ ಮೊದಲು ಮರದ ಗುಂಡಿಗೆ ಇಳಿಯುವಂತೆ ಅಂಚುಗಲ್ಲಿನಲ್ಲಿ ಕಿಂಡಿ ಬಿಡುವುದು ಕಡಿಮೆ ಖರ್ಚಿನ ಉಪಾಯ. ಗಟ್ಟಿ ಬಸಾಲ್ಟ್ ಇರುವಲ್ಲಿ ಗುಂಡಿಯನ್ನು ದೊಡ್ಡದಾಗಿ ಒಡೆದು ಮಣ್ಣು ತುಂಬಬೇಕು. ಎರೆಭೂಮಿಯಿರುವಲ್ಲಿ ಮಣ್ಣು ಹಿಗ್ಗಿ ಕುಗ್ಗಿ ಕಲ್ಲುಹಾಸು ಬಿರಿಯದಂತೆ ನೀರು ಬಸಿಯುವ ವ್ಯವಸ್ಥೆ ಬೇಕು. ತಂತಿಯಿರುವ ಬದಿಗೆ ಹೊಂಗೆಯಂತಹ ಮಧ್ಯಮ ಎತ್ತರದ ಮರ, ಇಲ್ಲದ ಬದಿಗೆ ಬೇವು, ಹುಣಸೆ ಸೂಕ್ತ. ಮೊದಲ ಮೂರು ಬೇಸಿಗೆ ನೀರುಣಿಸುವ ಹೊಣೆ ಯಾರದೆಂದು ಗುತ್ತಿಗೆಯಲ್ಲೇ ಬರೆಯದಿದ್ದರೆ ಉಳಿಯುವುದು ಕಬ್ಬಿಣದ ಜಾಲರಿ ಮಾತ್ರ. ರಸ್ತೆ ವಿಭಜಕದಲ್ಲಿ ಪೊದೆಗಿಡ ಬೆಳೆಸುವುದು ಇದಕ್ಕೆ ಪರ್ಯಾಯವಲ್ಲ. ಆ ಹಸಿರು ನಡೆಯುವವರಿಗೆ ನೆರಳನ್ನು ಕೊಡುವುದಿಲ್ಲ.

ತಿಕೋಟಾ, ಬಬಲೇಶ್ವರಕ್ಕೆ ಇದು ಸಕಾಲ

2017ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ತಿಕೋಟಾ ಮತ್ತು ಬಬಲೇಶ್ವರವೂ ಸೇರಿವೆ. ತಿಕೋಟಾ ಅಥಣಿ ಮಾರ್ಗದಲ್ಲಿದ್ದರೆ, ಬಬಲೇಶ್ವರ ಜಮಖಂಡಿ ಮಾರ್ಗದಲ್ಲಿದೆ. ಊರುಗಳು ತಾಲ್ಲೂಕು ಕೇಂದ್ರಗಳಾದಂತೆ ಕಚೇರಿ, ಬ್ಯಾಂಕು, ಅಂಗಡಿಗಳು ಹೆದ್ದಾರಿಯ ಬದಿಗೆ ಬರುತ್ತವೆ, ಹೆದ್ದಾರಿಯೇ ಪೇಟೆ ಬೀದಿಯಾಗುತ್ತದೆ. ಊರು ದಾಟಿ ಹೋಗುವ ಲಾರಿ ಮತ್ತು ತರಕಾರಿ ಕೊಳ್ಳಲು ಬಂದ ಮಹಿಳೆ ಒಂದೇ ರಸ್ತೆಯಲ್ಲಿ ಎದುರಾಗುತ್ತಾರೆ.

ಇಂತಹ ಕಡೆ ಊರಿನ ಪ್ರವೇಶದಲ್ಲೇ ರಸ್ತೆಯನ್ನು ಕಿರಿದುಗೊಳಿಸಿ, ಎರಡೂ ಬದಿ ಮರದ ಸಾಲು ನಿಲ್ಲಿಸಿ, ಇದು ಹೆದ್ದಾರಿಯಲ್ಲ, ಊರು ಎಂಬ ಸೂಚನೆಯನ್ನು ಚಾಲಕನಿಗೆ ನೀಡಬಹುದು. ಆದರೆ ಈ ಭಾಗದಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್ ಟ್ರೇಲರ್‌ಗಳ ಓಡಾಟ ಹೆಚ್ಚು. ಅವು ಎದುರಾದಾಗ ಸರಿಯಲು, ತಿರುವಿನಲ್ಲಿ ಹೊರಳಲು ಜಾಗವನ್ನು ಲೆಕ್ಕ ಹಾಕಿಯೇ ಅಂಚುಗಲ್ಲು ಇಡಬೇಕು. ಆಂಬ್ಯುಲೆನ್ಸ್, ಅಗ್ನಿಶಾಮಕ ವಾಹನಗಳಿಗೆ ಕಿರಿದಾದ ಪಥವಲ್ಲ, ಪಥದೊಳಗೆ ಅಡ್ಡಾದಿಡ್ಡಿ ನಿಂತ ವಾಹನವೇ ನಿಜವಾದ ಅಡ್ಡಿ.

ಹಳೆಯ ಮರಗಳನ್ನು ಕಡಿದು ಮುಂದೆ ಸಸಿ ನೆಡುವ ಬದಲು, ಇರುವ ಮರಗಳನ್ನು ಅಂಚಿನ ಪಟ್ಟಿಯೊಳಗೆ ಉಳಿಸಿಕೊಂಡು ರಸ್ತೆಯನ್ನು ರೂಪಿಸುವುದು ಅಗ್ಗವೂ ಹೌದು, ವಿವೇಕವೂ ಹೌದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಅಗತ್ಯ ಎಂಬುದನ್ನು ನಾಗರಿಕರೂ ತಿಳಿದಿರಬೇಕು.

ವ್ಯಾಪಾರಿಗಳ ಆತಂಕ

ಅಂಗಡಿ ಮುಂದೆ ವಾಹನ ನಿಲ್ಲದಿದ್ದರೆ ಗಿರಾಕಿ ಬರುವುದಿಲ್ಲ ಎಂಬುದು ವ್ಯಾಪಾರಿಗಳ ಸಹಜ ಆತಂಕ. ಬೀದಿ ವ್ಯಾಪಾರಿಗಳಿಗೂ ಎತ್ತಂಗಡಿಯ ಭಯವಿದೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯಂತೆ ಸಮೀಕ್ಷೆ ನಡೆಸದೆ ಅವರನ್ನು ತೆರವುಗೊಳಿಸುವಂತಿಲ್ಲ. ಮರದ ಪಟ್ಟಿಯಲ್ಲೇ ಅವರಿಗೆ ಗುರುತಿಸಿದ ಜಾಗ ನೀಡಿದರೆ ನಡೆಯುವ ದಾರಿಯೂ ತೆರವಾಗುತ್ತದೆ. ಸಿದ್ಧೇಶ್ವರ ಜಾತ್ರೆಯಂತಹ ಮೆರವಣಿಗೆಗಳ ಮಾರ್ಗದಲ್ಲಿ ಕೊಂಬೆಗಳ ಎತ್ತರವನ್ನೂ ಗಮನಿಸಬೇಕಾಗುತ್ತದೆ.

ಇದಕ್ಕಾಗಿ ಒಮ್ಮೆಲೇ ಕೋಟಿಗಟ್ಟಲೆ ಹಣ ಸುರಿಯಬೇಕಿಲ್ಲ. ಮೊದಲು ಬಣ್ಣದ ಗೆರೆ, ತಾತ್ಕಾಲಿಕ ಕಂಬ, ದೊಡ್ಡ ಕುಂಡಗಳಿಂದ ಒಂದು ರಸ್ತೆಯನ್ನು ಕೆಲ ವಾರ ಕಿರಿದುಗೊಳಿಸಿ ನೋಡಬಹುದು. ವೇಗ, ದಟ್ಟಣೆ, ವ್ಯಾಪಾರ ಮೂರನ್ನೂ ಅಳೆದು, ಲೋಪ ತಿದ್ದಿ, ನಂತರ ಕಲ್ಲು ಹಾಕಬಹುದು.

ಪಾದಚಾರಿ ಮಾರ್ಗ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯಡಿ ಬರುವ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ರಸ್ತೆಯ ಅಗಲ ಯಾರಿಗೆ ಎಷ್ಟು ಎಂಬುದು ಇನ್ನು ಕೇವಲ ಎಂಜಿನಿಯರುಗಳ ಲೆಕ್ಕವಲ್ಲ. ಬಿಸಿಲಿನ ಊರಿನಲ್ಲಿ ನೆರಳಿರುವ ಒಂದು ದಾರಿ, ಅವಸರವಿಲ್ಲದೆ ದಾಟಬಹುದಾದ ಒಂದು ರಸ್ತೆ ಪ್ರತಿ ನಾಗರಿಕನಿಗೂ ಸಲ್ಲಬೇಕಾದ ಕನಿಷ್ಠ ಸೌಕರ್ಯ.