ಗರ್ಭಕಂಠದ ಕ್ಯಾನ್ಸರ್ ಪತ್ತೆಯಲ್ಲಿ ಪ್ರೋಟೀನ್ ಸೂಚಕಗಳ ಪಾತ್ರ

ಭಾರತದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ನಂತರದ ಸ್ಥಾನ ಗರ್ಭಕಂಠದ ಕ್ಯಾನ್ಸರಿನದು. 2022ರ ಜಾಗತಿಕ ಅಂದಾಜಿನಂತೆ ದೇಶದಲ್ಲಿ ಸುಮಾರು 1.27 ಲಕ್ಷ ಹೊಸ ಪ್ರಕರಣಗಳು ಹಾಗೂ ಸುಮಾರು 80 ಸಾವಿರ ಮರಣಗಳು ಸಂಭವಿಸಿವೆ. ಇವುಗಳಲ್ಲಿ ಬಹುಪಾಲು ತಪ್ಪಿಸಬಹುದಾದ ಮರಣಗಳು. ಏಕೆಂದರೆ, ಸೋಂಕು ತಗುಲಿದ ಬಳಿಕ ಕ್ಯಾನ್ಸರ್ ರೂಪುಗೊಳ್ಳಲು ಸಾಮಾನ್ಯವಾಗಿ 15ರಿಂದ 20 ವರ್ಷಗಳು ಬೇಕು.

ಈ ರೋಗದ ಮೂಲ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ. ಅದರ 16 ಮತ್ತು 18ನೇ ಪ್ರಭೇದಗಳೇ ಸುಮಾರು ಶೇ. 70ರಷ್ಟು ಪ್ರಕರಣಗಳಿಗೆ ಕಾರಣ. ಹೆಚ್ಚಿನ ಸೋಂಕುಗಳು ಒಂದೆರಡು ವರ್ಷಗಳಲ್ಲಿ ತಾವಾಗಿಯೇ ಶಮನವಾಗುತ್ತವೆ. ಉಳಿದುಕೊಂಡ ವೈರಸ್ ಇ6, ಇ7 ಎಂಬ ಎರಡು ಪ್ರೋಟೀನುಗಳನ್ನು ಉತ್ಪಾದಿಸುತ್ತದೆ. ಇ6, ಜೀವಕೋಶದ ಕಾವಲುಗಾರನಂತಿರುವ ಪಿ53 ಪ್ರೋಟೀನನ್ನು ನಾಶಪಡಿಸಿದರೆ, ಇ7 ಕೋಶವಿಭಜನೆಯ ಕಡಿವಾಣವಾದ ಆರ್‌ಬಿ ಪ್ರೋಟೀನನ್ನು ನಿಷ್ಕ್ರಿಯಗೊಳಿಸುತ್ತದೆ. ಕಡಿವಾಣ ಕಳಚಿದ ಕೋಶದಲ್ಲಿ ಪಿ16 ಎಂಬ ಪ್ರೋಟೀನು ಅತಿಯಾಗಿ ಶೇಖರಗೊಳ್ಳುತ್ತದೆ. ಕೆಐ-67 ಎಂಬ ಇನ್ನೊಂದು ಪ್ರೋಟೀನು ವಿಭಜನೆಯಲ್ಲಿ ತೊಡಗಿದ ಕೋಶಗಳಲ್ಲಿ ಮಾತ್ರ ಕಾಣುತ್ತದೆ. ಆರೋಗ್ಯವಂತ ಕೋಶದಲ್ಲಿ ಪಿ16 ವಿಭಜನೆಯನ್ನು ತಡೆಯುವುದರಿಂದ ಇವೆರಡೂ ಒಟ್ಟಿಗೆ ಇರುವಂತಿಲ್ಲ. ಒಂದೇ ಕೋಶದಲ್ಲಿ ಎರಡೂ ಕಂಡುಬಂದರೆ ಅದು ಕ್ಯಾನ್ಸರ್‌ಪೂರ್ವ ಬದಲಾವಣೆಯ ಬಲವಾದ ಸುಳಿವು. ಎಚ್‌ಪಿವಿ ಸೋಂಕಿರುವವರಲ್ಲಿ ಯಾರಿಗೆ ತಕ್ಷಣದ ತಪಾಸಣೆ ಅಗತ್ಯ, ಯಾರು ಕಾಯಬಹುದು ಎಂಬುದನ್ನು ಈ ಜೋಡಿ ಪರೀಕ್ಷೆಯಿಂದ ನಿರ್ಧರಿಸಲಾಗುತ್ತದೆ.

ರಕ್ತದಲ್ಲಿ ಅಳೆಯುವ ಎಸ್‌ಸಿಸಿ ಆಂಟಿಜೆನ್ ಎಂಬ ಸೂಚಕದ ಉಪಯೋಗ ಬೇರೆ. ಚಿಕಿತ್ಸೆ ಪಡೆದವರಲ್ಲಿ ರೋಗ ಮರುಕಳಿಸಿದೆಯೇ ಎಂದು ಗಮನಿಸಲು ಅದು ನೆರವಾಗುತ್ತದೆಯೇ ಹೊರತು ಮೊದಲ ಪತ್ತೆಗಲ್ಲ. ರಕ್ತಪರೀಕ್ಷೆ ಮಾಡಿಸಿದ್ದಾಗಿದೆ, ತಪಾಸಣೆ ಬೇಡ ಎನ್ನುವವರಿಗೆ ಇದನ್ನು ತಿಳಿಸುವುದು ಅವಶ್ಯ.

ಪ್ರೋಟೀನ್ ಪರೀಕ್ಷೆಗಳಿಗೆ ಸುಸಜ್ಜಿತ ಪ್ರಯೋಗಾಲಯ ಬೇಕು. ಗ್ರಾಮಮಟ್ಟದಲ್ಲಿ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ನಿಗದಿಯಾಗಿರುವುದು ವಿಐಎ ತಪಾಸಣೆ. ಗರ್ಭಕಂಠಕ್ಕೆ ದುರ್ಬಲ ಅಸಿಟಿಕ್ ಆಮ್ಲ ಲೇಪಿಸಿ, ಬಿಳಿಚುವ ಭಾಗವನ್ನು ಗುರುತಿಸುವ ಸರಳ ವಿಧಾನವಿದು. ಇಲ್ಲಿ ಪಾಸಿಟಿವ್ ಬಂದರೆ ಕ್ಯಾನ್ಸರ್ ಬಂದಿದೆ ಎಂದರ್ಥವಲ್ಲ, ಮುಂದಿನ ಪರೀಕ್ಷೆ ಬೇಕು ಎಂದಷ್ಟೇ. ಆದರೆ ಭಯ, ಸಂಕೋಚ, ಒಂದು ದಿನದ ಕೂಲಿಯ ನಷ್ಟ ಇವುಗಳಿಂದಾಗಿ ಎರಡನೆಯ ಪರೀಕ್ಷೆಗೆ ಹೋಗದವರಿದ್ದಾರೆ. ಕ್ಯಾನ್ಸರ್‌ಪೂರ್ವ ಹಂತದ ಚಿಕಿತ್ಸೆ ಹಲವು ಬಾರಿ ಒಂದೇ ದಿನದಲ್ಲಿ ಮುಗಿಯುತ್ತದೆ; ಸಾಮಾನ್ಯವಾಗಿ ಗರ್ಭಕೋಶ ತೆಗೆಯಬೇಕಾಗಿಲ್ಲ.

ಆದುದರಿಂದ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶ ಸಮಿತಿಯ ಸಭೆಯಲ್ಲಿ ಸದಸ್ಯರು ತಪಾಸಣೆಗೊಳಗಾದವರ ಸಂಖ್ಯೆಯೊಂದಿಗೆ, ಮುಂದಿನ ಪರೀಕ್ಷೆಗೆ ಸೂಚಿಸಲ್ಪಟ್ಟವರಲ್ಲಿ ಎಷ್ಟು ಮಂದಿ ಆಸ್ಪತ್ರೆ ತಲುಪಿದರು ಎಂಬುದನ್ನೂ ವಿಚಾರಿಸತಕ್ಕದ್ದು. ಸಂಖ್ಯೆ ಸಾಕು, ಸಭೆಯಲ್ಲಿ ಯಾರ ಹೆಸರನ್ನೂ ಓದಬಾರದು.