ಭಾರದ ಕ್ಯಾಮರಾಕ್ಕೆ ಭದ್ರವಾದ ಮುಕ್ಕಾಲಿ

ಬಯಲಿನಲ್ಲಿ ಅಡಿಗೆಗೆ ಒಲೆ ಹೂಡುವವರು ಮೂರು ಕಲ್ಲುಗಳನ್ನೇ ಇಡುವರು, ನಾಲ್ಕನೆಯದನ್ನು ಇಡುವುದಿಲ್ಲ. ನೆಲವು ಎಷ್ಟೇ ತಗ್ಗುದಿಣ್ಣೆಯಾಗಿರಲಿ, ಮೂರು ಕಲ್ಲುಗಳ ಮೇಲಿಟ್ಟ ಪಾತ್ರೆಯು ಕುಂಟುವುದಿಲ್ಲ. ನಾಲ್ಕು ಕಾಲಿನ ಮಣೆಯಾದರೋ ನೆಲ ತುಸು ಏರುಪೇರಾದೊಡನೆ ಕುಂಟತೊಡಗುವುದು. ಛಾಯಾಚಿತ್ರಗಾರರು ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸುವುದೂ ಈ ಕಾರಣದಿಂದಲೇ. ಆದರೆ ಕಾಲು ಮೂರಿದ್ದ ಮಾತ್ರಕ್ಕೆ ಭದ್ರತೆಯು ಬಂದಿತೆಂದು ತಿಳಿಯತಕ್ಕುದಲ್ಲ.

ಇದನ್ನು ನಾವು ನಷ್ಟಪಟ್ಟು ಕಲಿತವರು. ನಮ್ಮ ಮನೆಯ ಹಿರಿಯರಿಗೆ ಸಹಸ್ರಚಂದ್ರದರ್ಶನ ಶಾಂತಿಯಾದ ದಿನ, ಅವರನ್ನು ಜಗಲಿಯ ಮೇಲೆ ಕುಳ್ಳಿರಿಸಿ, ಮನೆಯಲ್ಲಿದ್ದ ಹಳೆಯ ದೊಡ್ಡ ಕ್ಯಾಮರಾದಿಂದ ಚಿತ್ರ ತೆಗೆದೆವು. ಕ್ಯಾಮರಾದ ತೂಕ ಐದು ಕಿಲೋಗೆ ಕಡಿಮೆಯಿರಲಿಲ್ಲ. ಕೆಳಗಿದ್ದ ಮುಕ್ಕಾಲಿಯೋ ಕೈಕ್ಯಾಮರಾಕ್ಕೆಂದು ಕೊಂಡ ತೆಳುವಾದ ವಸ್ತು. ಫಿಲ್ಮನ್ನು ತೊಳೆದು ನೋಡಿದಾಗ ಹಿರಿಯರ ಮುಖವು ಎರಡೆರಡು ಅಂಚುಗಳಿಂದ ಮೂಡಿತ್ತು. ಅವರು ಅಲುಗಿದರೆಂದು ಹೇಳೋಣವೆಂದರೆ, ಹಿಂದಿದ್ದ ಜಗಲಿಯ ಕಂಬವೂ ಎರಡಾಗಿ ಕಂಡಿತು. ಅಲುಗಿದ್ದು ಅವರಲ್ಲ, ನಮ್ಮ ಮುಕ್ಕಾಲಿ. ಇನ್ನೊಮ್ಮೆ ತೆಗೆದರಾಯಿತೆಂದು ಸುಮ್ಮನಿದ್ದೆವು. ಮರುವರ್ಷದ ಯುಗಾದಿಗೆ ಅವರಿರಲಿಲ್ಲ.

ದೊಡ್ಡ ಕ್ಯಾಮರಾ ಎಂದರೆ 4×5 ಅಂಗುಲ ಅಥವಾ ಅದಕ್ಕೂ ಹಿರಿದಾದ ಫಿಲ್ಮನ್ನು ಒಂದೊಂದು ಹಾಳೆಯಾಗಿ ಉಪಯೋಗಿಸುವ, ತಿದಿಯುಳ್ಳ ಕ್ಯಾಮರಾ. ಕೇರಳದ ಆಲಪ್ಪುಳದಲ್ಲಿ 1940ರ ದಶಕದಿಂದ ತಯಾರಾದ ‘ವಾಗೀಶ್ವರಿ’ ಎಂಬ ತೇಗದ ಕ್ಯಾಮರಾಗಳು ಒಂದು ಕಾಲಕ್ಕೆ ನಮ್ಮ ದೇಶದ ಅನೇಕ ಸ್ಟುಡಿಯೋಗಳಲ್ಲಿದ್ದವು. ಅಂತಹುದೊಂದು ಅಟ್ಟದ ಮೇಲೆ ಉಳಿದಿರುವ ಮನೆಗಳು ಇಂದಿಗೂ ಇರಬಹುದು. ಹಾಳೆಯ ಫಿಲ್ಮು ಈಗಲೂ ದೊರೆಯುವುದರಿಂದ ಅವನ್ನು ಮತ್ತೆ ಕೆಲಸಕ್ಕೆ ಹಚ್ಚಲು ಅಡ್ಡಿಯಿಲ್ಲ.

ಇಂತಹ ಕ್ಯಾಮರಾಕ್ಕೆ ವಿಶೇಷ ಭದ್ರತೆ ಬೇಕೆಂಬುದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು ಕಾಲ. 4×5 ಅಂಗುಲದ ಫಿಲ್ಮಿಗೆ ಸಾಮಾನ್ಯವಾದ ಮಸೂರದ ನಾಭಿದೂರ 150 ಮಿಲಿಮೀಟರು, 8×10ಕ್ಕೆ 300. ನಾಭಿದೂರ ಹೆಚ್ಚಿದಷ್ಟೂ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಫುಟವಾಗುವುದು ಕಷ್ಟವಾದುದರಿಂದ ಮಸೂರದ ಕಂಡಿಯನ್ನು ಬಹಳ ಕಿರಿದು ಮಾಡಬೇಕಾಗುವುದು. ಎಫ್ 8ರಿಂದ ಎಫ್ 64ಕ್ಕೆ ಇಳಿಸಿದರೆ ಒಳಗೆ ಬರುವ ಬೆಳಕು 64ರಲ್ಲಿ ಒಂದು ಪಾಲಾಗುತ್ತದೆ. ಸೆಕೆಂಡಿನ 60ನೆಯ ಒಂದು ಭಾಗದಲ್ಲಿ ಆಗುವ ಕೆಲಸಕ್ಕೆ ಪೂರ್ತಿ ಒಂದು ಸೆಕೆಂಡು ಹಿಡಿಯುತ್ತದೆ. ಅಷ್ಟು ಹೊತ್ತು ಕ್ಯಾಮರಾ ಕೂದಲೆಳೆಯಷ್ಟೂ ಅಲುಗಬಾರದು.

ಎರಡನೆಯದು ಕೆಲಸದ ಕ್ರಮ. ಕರಿಯ ಬಟ್ಟೆಯೊಳಗೆ ತಲೆಯಿಟ್ಟು ಹಿಂದಿನ ಮಬ್ಬುಗಾಜಿನ ಮೇಲೆ ತಲೆಕೆಳಗಾದ ಬಿಂಬವನ್ನು ಹೊಂದಿಸಿದ ಮೇಲೆ, ಫಿಲ್ಮಿನ ಹೋಲ್ಡರನ್ನು ಒತ್ತಿ ಸೇರಿಸಬೇಕು. ಅನಂತರ ಅದರ ಮುಚ್ಚಳದ ಹಾಳೆಯನ್ನು ಎಳೆಯಬೇಕು. ಈ ಒತ್ತುವ ಎಳೆಯುವ ಕೆಲಸದಲ್ಲಿ ಮುಕ್ಕಾಲಿಯು ಸರಿದರೆ ನಾವು ನೋಡಿದ್ದೊಂದು, ಫಿಲ್ಮಿನಲ್ಲಿ ಬರುವುದೊಂದು. ಮೂರನೆಯದು ತಿದಿ. 300 ಮಿಲಿಮೀಟರು ಮಸೂರದಿಂದ ಒಂದು ಹೂವನ್ನು ಅದರ ನಿಜಗಾತ್ರದಲ್ಲಿ ತೆಗೆಯಬೇಕಾದರೆ ಮಸೂರವು ಫಿಲ್ಮಿನಿಂದ ಸುಮಾರು ಎರಡಡಿ ಮುಂದಕ್ಕೆ ಹೋಗಬೇಕು. ಆಗ ಭಾರವು ಮುಂದಕ್ಕೆ ವಾಲುವುದಲ್ಲದೆ, ಉದ್ದನೆಯ ತಿದಿಗೆ ಗಾಳಿಯು ಹಾಯಿಗೆ ಬಡಿಯುವಂತೆ ಬಡಿಯುವುದು.

ಹಿಂದಿನವರಿಗೆ ಇದರ ಮಹತ್ವವು ಚೆನ್ನಾಗಿ ತಿಳಿದಿತ್ತು. 1854ರಲ್ಲಿ ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿಯು ಮೈಸೂರು ಸೀಮೆಗೆ ಬಂದು ಹಳೇಬೀಡು, ಬೇಲೂರುಗಳ ಗುಡಿಗಳನ್ನು ಕಾಗದದ ನೆಗೆಟಿವುಗಳ ಮೇಲೆ ಚಿತ್ರಿಸಿದನು. ಕಾಗದವು ಬೆಳಕನ್ನು ಹೀರುವುದು ನಿಧಾನ. ಶಿಲ್ಪದ ಕುಸುರಿಯು ಅದರಲ್ಲಿ ಸ್ಫುಟವಾಗಿ ಮೂಡಬೇಕಾದರೆ ಕ್ಯಾಮರಾ ಕಲ್ಲಿನಂತೆಯೇ ನಿಲ್ಲಬೇಕು. ಅಮೆರಿಕದ ಆನ್ಸೆಲ್ ಆ್ಯಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರನು ಮೂಡಿದುದನ್ನು 8×10 ಕ್ಯಾಮರಾದಿಂದ, ಎಫ್ 32ರಲ್ಲಿ, ಒಂದು ಸೆಕೆಂಡು ತೆರೆದು ತೆಗೆದರು. ಎರಡನೆಯ ಹಾಳೆಗೆ ಸಿದ್ಧರಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿಬಿಟ್ಟಿತ್ತು. ಆ ಒಂದು ಸೆಕೆಂಡಿನಲ್ಲಿ ಕಾಲೊಂದು ಜಾರಿದ್ದರೆ ಆ ಪ್ರಖ್ಯಾತ ಚಿತ್ರವು ಲೋಕಕ್ಕೆ ದೊರೆಯುತ್ತಿರಲಿಲ್ಲ.

ಇನ್ನು ಆರಿಸುವ ಬಗೆ. ಮೊದಲು ಮನೆಯ ತಕ್ಕಡಿಯಲ್ಲಿ ಕ್ಯಾಮರಾ, ಅತಿ ಭಾರವಾದ ಮಸೂರ, ಫಿಲ್ಮಿನ ಹೋಲ್ಡರು ಇವೆಲ್ಲವನ್ನೂ ಒಟ್ಟಿಗೆ ತೂಗಬೇಕು. ಮುಕ್ಕಾಲಿಯು ಹೊರುವುದೆಂದು ಮಾರುವವರು ಹೇಳುವ ಭಾರವು ಇದರ ಇಮ್ಮಡಿಗೆ ಕಡಿಮೆಯಿರಬಾರದು. ನಡುಗಂಬವನ್ನು ಎತ್ತದೆಯೇ ಮಬ್ಬುಗಾಜು ನಮ್ಮ ಕಣ್ಣಿನ ಮಟ್ಟಕ್ಕೆ ಬರುವಷ್ಟು ಕಾಲುಗಳು ಉದ್ದವಾಗಿರಬೇಕು. ನಡುಗಂಬವನ್ನು ಎತ್ತಿದೊಡನೆ ಮುಕ್ಕಾಲಿಯು ಒಂಟಿಕಾಲಿನದಾಗುವುದೆಂದು ತಿಳಿದರೆ ಸಾಕು. ಕಾಲಿನ ಮಡಿಕೆಗಳು ಕಡಿಮೆಯಿದ್ದಷ್ಟೂ ಲೇಸು. ಪ್ರತಿ ಕೀಲೂ ಒಂದು ಸಡಿಲಿಗೆ ಎಡೆಗೊಡುವುದು. ಕೊಳವೆಯ ದಪ್ಪವನ್ನೂ ನೋಡಬೇಕು. ಗೋಡೆಯ ದಪ್ಪವು ಒಂದೇ ಆಗಿ ವ್ಯಾಸವು ಇಮ್ಮಡಿಯಾದರೆ, ಬಾಗದೆ ನಿಲ್ಲುವ ಶಕ್ತಿಯು ಸುಮಾರು ಎಂಟು ಮಡಿಯಾಗುವುದು.

ಮರ, ಅಲ್ಯುಮಿನಿಯಂ, ಕಾರ್ಬನ್ ಫೈಬರು ಎಂದು ಸಾಮಗ್ರಿಯು ಮೂರು ಬಗೆ. ಮರವು ನಡುಕವನ್ನು ತನ್ನಲ್ಲಿಯೇ ಅಡಗಿಸಿಕೊಳ್ಳುವುದು. ಜರ್ಮನಿಯ ಬೆರ್ಲೆಬಾಖ್ ಕಾರ್ಖಾನೆಯವರು ಆಷ್ ಎಂಬ ಮರದಿಂದ ಮುಕ್ಕಾಲಿಗಳನ್ನು ಮಾಡುತ್ತಾರೆ. ಅಲ್ಯುಮಿನಿಯಂ ಅಗ್ಗ. 1990ರ ದಶಕದಲ್ಲಿ ಬಳಕೆಗೆ ಬಂದ ಕಾರ್ಬನ್ ಫೈಬರು ಹಗುರವೂ ಬಿಗಿಯೂ ಆದುದು; ಆದರೆ ಬೆಲೆ ಹೆಚ್ಚು. ಹಾಸಿಗೆ ಇದ್ದಷ್ಟು ಕಾಲು ಚಾಚುವ ಗೃಹಸ್ಥರಿಗೆ ಇನ್ನೊಂದು ದಾರಿಯುಂಟು. ಭೂಮಾಪಕರು ಉಪಯೋಗಿಸಿ ಬಿಟ್ಟ ಮರದ ಮುಕ್ಕಾಲಿಯನ್ನು ಕೊಂಡು, ಅದರ 5/8 ಅಂಗುಲದ ತಿರುಪಿನಿಂದ ಕ್ಯಾಮರಾದವರ 3/8 ಅಂಗುಲದ ತಿರುಪಿಗೆ ಹೊಂದುವ ತುಂಡೊಂದನ್ನು ಲೇತಿನ ಕೆಲಸಗಾರರಿಂದ ಮಾಡಿಸಿಕೊಳ್ಳಬಹುದು.

ಮುಕ್ಕಾಲಿಯ ತಲೆಯನ್ನು ಆರಿಸುವಲ್ಲಿಯೂ ಎಚ್ಚರ ಬೇಕು. ಗುಂಡಿನಂತೆ ಎಲ್ಲ ಕಡೆಗೂ ತಿರುಗುವ ತಲೆಯು ಭಾರದ ಕ್ಯಾಮರಾಕ್ಕೆ ತಕ್ಕುದಲ್ಲ; ಹಿಡಿ ಸಡಿಲಿಸಿದೊಡನೆ ಕ್ಯಾಮರಾ ಒಂದು ಕಡೆಗೆ ಉರುಳಿಬಿಡುವ ಭಯವುಂಟು. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಸುತ್ತಲೂ ಎಂದು ಮೂರು ಚಲನೆಗಳಿಗೆ ಮೂರು ಬೇರೆ ಹಿಡಿಗಳಿರುವ, ಅಗಲವಾದ ಹಲಗೆಯುಳ್ಳ ತಲೆಯೇ ಯೋಗ್ಯವಾದುದು.

ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಿರಿ. ಕಾಲುಗಳನ್ನು ಪೂರ್ತಿ ಚಾಚಿ, ಮೇಲಿನ ಹಲಗೆಯನ್ನು ಎರಡು ಕೈಗಳಿಂದ ಒತ್ತಿ ತಿರುಚಿ ನೋಡಿರಿ. ಅನಂತರ ಅದರ ಮೇಲೆ ಅಗಲಬಾಯಿಯ ಬಟ್ಟಲೊಂದರಲ್ಲಿ ನೀರಿಟ್ಟು ಒಂದು ಕಾಲನ್ನು ಬೆರಳಿನಿಂದ ತಟ್ಟಿರಿ. ನೀರಿನ ಅಲೆ ಬೇಗನೆ ಅಡಗಿದರೆ ಒಳ್ಳೆಯದು. ಬಹಳ ಹೊತ್ತು ನಡುಗುತ್ತಿದ್ದರೆ ಅದನ್ನು ಅಂಗಡಿಯಲ್ಲಿಯೇ ಬಿಟ್ಟು ಬರುವುದು ಲೇಸು.

ಉಪಯೋಗಿಸುವಾಗ ಒಂದು ಕಾಲು ಮಸೂರದ ಕೆಳಗೆ ಮುಂದಕ್ಕಿರಲಿ. ಹಿಂದಿನ ಎರಡು ಕಾಲುಗಳ ನಡುವೆ ನಾವು ನಿಲ್ಲಬಹುದು. ಇಳಿಜಾರಿನಲ್ಲಿ ಎರಡು ಕಾಲುಗಳನ್ನು ತಗ್ಗಿನ ಕಡೆಗೆ ಊರಬೇಕು. ಮಣ್ಣಿನ ನೆಲಕ್ಕೆ ಮೊನೆ, ನಯವಾದ ಕಲ್ಲುಹಾಸಿಗೆ ರಬ್ಬರಿನ ಅಡಿ ಬೇಕು. ಕಾಲುಗಳು ಹರಡದಂತೆ ಹಗ್ಗದಿಂದ ಒಂದಕ್ಕೊಂದು ಬಿಗಿಯುವುದು ಇನ್ನೂ ಕ್ಷೇಮ. ಗಾಳಿಯಿದ್ದರೆ ಮರಳಿನ ಚೀಲವೊಂದನ್ನು ನೆಲಕ್ಕೆ ತುಸು ತಾಗುವಂತೆ ತೂಗಬಿಡಿರಿ. ತೂಗಾಡುವ ಚೀಲವು ಇದ್ದ ಭದ್ರತೆಯನ್ನೂ ಕೆಡಿಸುವುದು. ಮಳೆಗಾಲದ ಅನಂತರ ತಿರುಪುಗಳನ್ನೆಲ್ಲ ಒಮ್ಮೆ ಬಿಗಿಮಾಡುವುದನ್ನು ಮರೆಯಲಾಗದು. ಇಷ್ಟಾದರೂ, ಹೊರಲಾರದಷ್ಟು ಭಾರದ ಮುಕ್ಕಾಲಿಯು ಮನೆಯ ಮೂಲೆಯಲ್ಲಿಯೇ ಉಳಿಯುವುದು. ಆದುದರಿಂದ ಎಲ್ಲೆಲ್ಲಿಗೆ ಒಯ್ಯಬೇಕೆಂಬುದನ್ನು ಮೊದಲೇ ಯೋಚಿಸಿಕೊಳ್ಳತಕ್ಕುದು.

ಈಗ ನಮ್ಮಲ್ಲಿ ಭೂಮಾಪಕರ ಹಳೆಯ ಮುಕ್ಕಾಲಿಯೊಂದಿದೆ. ಅದರ ಮೇಲಿಂದ ತೆಗೆದ ಚಿತ್ರಗಳಲ್ಲಿ ಜಗಲಿಯ ಕಂಬವು ಒಂದೇ ಆಗಿ ಕಾಣುತ್ತದೆ. ಅದರ ಕೆತ್ತನೆಯನ್ನು ಎಣಿಸಬಹುದು. ಕಂಬದ ಮುಂದೆ ಕುಳಿತಿದ್ದವರನ್ನು ಮಾತ್ರ ಮರಳಿ ಕರೆತರುವಂತಿಲ್ಲ. ಹೊಸ ಮಸೂರಕ್ಕಾಗಿ ಹಣ ಕೂಡಿಡುತ್ತಿರುವ ಮಿತ್ರರಿಗೆ ನಮ್ಮ ಬಿನ್ನಹವಿಷ್ಟೆ: ಮೊದಲು ಮುಕ್ಕಾಲಿಯನ್ನು ಕೊಳ್ಳಿರಿ, ಮನೆಯ ಹಿರಿಯರ ಚಿತ್ರವನ್ನು ನಾಳೆಗೆಂದು ಇಡಬೇಡಿರಿ.